ಮುಟ್ಟು ನಿಲ್ಲೋ ಹೊತ್ತಲ್ಲಿ ಬರೀ ಹಸಿ ಆಹಾರ: ಮೂರು ವಾರ ಆಯ್ತು, ಮುಂದುವರಿಸಲಾ ಬೇಡ್ವಾ?

ದಾವಣಗೆರೆ ಟೀಚರ್ · ಸೋಮವಾರ ರಾತ್ರಿ 9:40

ನಮಸ್ಕಾರ. ಮನೇಲಿ ಯಾರ ಹತ್ರನೂ ಬಿಡಿಸಿ ಕೇಳೋಕಾಗ್ತಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ನನಗೆ 48. ಹೈಸ್ಕೂಲಲ್ಲಿ ಗಣಿತ ಹೇಳ್ತೀನಿ. ಹೋದ ವರ್ಷದಿಂದ ಮುಟ್ಟು ಎರಡು ತಿಂಗಳಿಗೊಂದ್ಸಲ, ಮೂರು ತಿಂಗಳಿಗೊಂದ್ಸಲ ಆಗ್ತಿದೆ. ಅದರ ಜೊತೆಗೇ ಈ ಝಳ ಶುರುವಾಯ್ತು. ಎದೆಯಿಂದ ಎದ್ದು ಕುತ್ತಿಗೆ, ಮುಖ, ಕಿವಿ ತನಕ ಬೆಂಕಿ ಹತ್ತಿದ ಹಾಗೆ. ಬೋರ್ಡ್ ಮೇಲೆ ಲೆಕ್ಕ ಬರೀತಿರ್ತೀನಿ, ಅಷ್ಟರಲ್ಲಿ ಬ್ಲೌಸ್ ಪೂರ್ತಿ ಒದ್ದೆ. ರಾತ್ರಿ ಐದಾರು ಸಲ ಎಚ್ಚರ. ಮಕ್ಕಳ ಮೇಲೆ ರೇಗಿ, ಆಮೇಲೆ ಸ್ಟಾಫ್ ರೂಮಲ್ಲಿ ಕೂತು ಅತ್ತಿದ್ದೂ ಇದೆ.

ನಮ್ಮ ನಾದಿನಿ ಒಂದು ಪ್ರಕೃತಿ ಚಿಕಿತ್ಸೆ ಶಿಬಿರಕ್ಕೆ ಹೋಗಿ ಬಂದ್ಲು. "ಅತ್ತಿಗೆ, ಬೇಯಿಸಿದ್ದು ಸತ್ತ ಊಟ. ಹಸಿಯಾಗಿ ತಿನ್ನಿ, ಮೈಯ ಉಷ್ಣ ತಾನಾಗೇ ಇಳಿಯತ್ತೆ" ಅಂದ್ಲು. ಮೂರು ವಾರದಿಂದ ಹಾಗೇ ಮಾಡ್ತಿದ್ದೀನಿ. ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಹಣ್ಣು, ಮೊಳಕೆ ಹೆಸರುಕಾಳು, ಕ್ಯಾರೆಟ್ಟು ಸೌತೆಕಾಯಿ, ರಾತ್ರಿ ಹಸಿ ಕೊಬ್ಬರಿ ಮತ್ತೆ ಹಣ್ಣು. ದಿನಕ್ಕೆ ಎರಡು ಎಳನೀರು. ಅನ್ನ, ರೊಟ್ಟಿ, ಮುದ್ದೆ, ಹಾಲು, ಕಾಫಿ, ಉಪ್ಪು ಎಲ್ಲ ಬಂದ್.

ಒಳ್ಳೇದೇನಾಯ್ತು: ಹೊಟ್ಟೆ ಹಗುರ, ಮಲಬದ್ಧತೆ ಹೋಯ್ತು, 3 ಕಿಲೋ ಇಳಿದಿದ್ದೀನಿ. ಕೆಟ್ಟದ್ದು: ವಿಪರೀತ ಗ್ಯಾಸು, ಕೂತು ಎದ್ದರೆ ಕಣ್ಣು ಕತ್ತಲೆ ಬರತ್ತೆ, ಸಂಜೆ ಹೊತ್ತಿಗೆ ಕೈಕಾಲು ಸೋಲತ್ತೆ. ಝಳ ರಾತ್ರಿ ಐದಾರು ಇದ್ದದ್ದು ನಾಲ್ಕಾಗಿದೆ, ಅಷ್ಟೇ. ನಾದಿನಿ "ಇದು ವಿಷ ಹೊರಗೆ ಹೋಗೋ ಲಕ್ಷಣ, ಬಿಡಬೇಡಿ" ಅಂತಾಳೆ. ನಮ್ಮತ್ತೆ ನನ್ನ ತಟ್ಟೆ ನೋಡಿ ಮಾತಾಡೋದೇ ಬಿಟ್ಟಿದ್ದಾರೆ.

ಇದನ್ನ ದಾಟಿ ಬಂದೋರು ಯಾರಾದ್ರೂ ಇದ್ರೆ ಹೇಳಿ. ಮುಂದುವರಿಸಲಾ?


ಬರಿಗಾಲ ನಡಿಗೆ · ಸೋಮವಾರ ರಾತ್ರಿ 10:05

ಖಂಡಿತ ಮುಂದುವರಿಸಿ ಅಕ್ಕ. ನಾನು ನಾಲ್ಕು ವರ್ಷದಿಂದ ಮುಕ್ಕಾಲು ಪಾಲು ಹಸಿ ಆಹಾರದಲ್ಲೇ ಇದ್ದೀನಿ, ಈಗ 53. ಕರಿದದ್ದು, ಬೇಕರಿ, ಸಕ್ಕರೆ ಬಿಟ್ಟ ಮೇಲೆ ನನ್ನ ಮಂಡಿ ನೋವು ಹೋಯ್ತು, ನಿದ್ದೆ ಬಂತು, ಮುಖದ ಊತ ಇಳೀತು. ಮೊದಲ ತಿಂಗಳು ಎಲ್ಲರಿಗೂ ಕಷ್ಟಾನೇ. ಮೈ ಒಗ್ಗಿಕೊಳ್ಳೋಕೆ ಟೈಮ್ ಕೊಡಿ.


ಮಂಡ್ಯದ ಮುದ್ದೆ · ಸೋಮವಾರ ರಾತ್ರಿ 10:11

ಮುದ್ದೆ ಬಿಟ್ಟು ಎಳನೀರು ಕುಡ್ಕೊಂಡು ಆರು ಪೀರಿಯಡ್ ಪಾಠ ಮಾಡ್ತೀರಲ್ಲ ಟೀಚರ್ರೆ, ಕಣ್ಣು ಕತ್ತಲೆ ಬರದೆ ಇನ್ನೇನಾದದು? ಮೊದ್ಲು ಉಣ್ಣಿ.


ಲೇಬರ್ ವಾರ್ಡ್ · ಸೋಮವಾರ ರಾತ್ರಿ 10:30

ನಾನು ಸ್ತ್ರೀರೋಗ ವೈದ್ಯೆ. ಉಳಿದದ್ದು ಆಮೇಲೆ, ಮೊದಲು ಒಂದು ಪ್ರಶ್ನೆ: ನೀವು ದಿನಾ ಯಾವುದಾದ್ರೂ ಮಾತ್ರೆ ತಗೊಳ್ತಿದ್ದೀರಾ? ಬಿಪಿ, ಶುಗರ್, ಥೈರಾಯ್ಡ್?


ಜೋಳದ ರೊಟ್ಟಿ · ಸೋಮವಾರ ರಾತ್ರಿ 10:48

ಹಸೀದು ತಿನ್ನೂದು ಏನೋ ಹೊಸಾ ವಿದ್ಯಾ ಅನ್ನೂ ಹಂಗ ಮಾತಾಡ್ತಾರಲ್ಲ, ಅದಕ್ಕ ನಂಗ ಸಿಟ್ಟು ಬರತದ ನೋಡ್ರಿ. ನಮ್ಮ ಧಾರವಾಡ ಕಡೆ ರೊಟ್ಟಿ ಊಟಕ್ಕ ಕುಂತ್ರ ತಾಟಿನ ಬಾಜೂಕ ಏನಿರತದ? ಹಸಿ ಮೆಂತೆ ಸೊಪ್ಪು, ಸವತಿಕಾಯಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ. ಮಳಿಗಾಲ ಮುಗದ ಮ್ಯಾಲ ಹೊಲದಾಗ ಹತ್ತರಕಿ ಸೊಪ್ಪು ಬರತದ, ಅದನ್ನ ಬೇಯಿಸೂದs ಇಲ್ಲ, ಹಸೀದು ಹರದು ಶೇಂಗಾ ಹಿಂಡಿ, ಮೊಸರು ಹಚ್ಚಿ ತಿಂತೇವಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಅಂತೂ ದಿನಾ. ಆದರ ರೊಟ್ಟಿ ಬಿಟ್ಟು ಬರೇ ಹತ್ತರಕಿ ತಿನ್ನು ಅಂತ ನಮ್ಮವ್ವ ಎಂದೂ ಹೇಳಿಲ್ಲ. ಹಸೀದು ಬಾಜೂಕ ಇರೂದು, ನಡುವ ರೊಟ್ಟಿ ಪಲ್ಯಾ ಇರೂದು. ಲೆಕ್ಕ ಅಷ್ಟs.


ದಾವಣಗೆರೆ ಟೀಚರ್ · ಸೋಮವಾರ ರಾತ್ರಿ 11:02

@ಲೇಬರ್ ವಾರ್ಡ್, ಬಿಪಿ ಮಾತ್ರೆ ಇದೆ ಮೇಡಂ, ಎರಡು ವರ್ಷದಿಂದ. ಚೀಟಿ ಮೇಲೆ ಟೆಲ್ಮಿಸಾರ್ಟನ್ 40 ಅಂತಿದೆ. ಥೈರಾಯ್ಡ್, ಶುಗರ್ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?


ಲೇಬರ್ ವಾರ್ಡ್ · ಸೋಮವಾರ ರಾತ್ರಿ 11:20

ಇದೆ. ಅದಕ್ಕೇ ಕೇಳಿದ್ದು. ಮೂರು ವಾರದಿಂದ ನೀವು ಉಪ್ಪು ಮುಟ್ಟಿಲ್ಲ, 3 ಕಿಲೋ ಇಳಿದಿದ್ದೀರಿ. ಇವೆರಡರಿಂದಲೂ ಬಿಪಿ ಕೆಳಗೆ ಬರತ್ತೆ. ಮಾತ್ರೆ ಮಾತ್ರ ಹಳೇ ಅಳತೆಯಲ್ಲೇ ನಡೀತಿದೆ. ಎದ್ದಾಗ ಕಣ್ಣು ಕತ್ತಲೆ ಬರೋದು "ವಿಷ ಹೊರಗೆ ಹೋಗೋದು" ಅಲ್ಲ, ಬಿಪಿ ತೀರಾ ಇಳಿದಿರಬಹುದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಟೆಲ್ಮಿಸಾರ್ಟನ್ ಜಾತಿಯ ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ತವೆ. ಎಳನೀರು, ಬಾಳೆಹಣ್ಣು, ಹಸಿ ತರಕಾರಿ ರಸ, ಎಲ್ಲದರಲ್ಲೂ ಪೊಟ್ಯಾಸಿಯಂ ಹೇರಳ. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯದ ಬಡಿತಕ್ಕೇ ತೊಂದರೆ. ನಾಳೆ ಬೆಳಿಗ್ಗೆ ಬಿಪಿ ನೋಡಿಸಿ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡೋದು) ಪರೀಕ್ಷೆ ಮಾಡಿಸಿ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೇ ಫೋನ್ ಮಾಡಿ. ಎಳನೀರು ಮಾತ್ರ ಇವತ್ತೇ ನಿಲ್ಲಿಸಿ.


ಮಂಡ್ಯದ ಮುದ್ದೆ · ಸೋಮವಾರ ರಾತ್ರಿ 11:24

ಎಳನೀರಲ್ಲೂ ಹಿಂಗಿದ್ಯಾ! ನಮ್ಮತ್ತೇನೂ ಅದೇ ಮಾತ್ರೆ ತಗೊಳ್ಳೋದು. ಥ್ಯಾಂಕ್ಸ್ ಡಾಕ್ಟ್ರೇ.


ಅಡಿಕೆ ತೋಟ · ಮಂಗಳವಾರ ಬೆಳಿಗ್ಗೆ 6:15

ಶಿರಸಿ ಕಡೆಯವಳು. ಹಸಿ ತಿನ್ನೋ ಆಸೆ ಇದ್ದರೆ ತಂಬುಳಿಗಿಂತ ಒಳ್ಳೇದು ಯಾವುದಿದೆ? ಒಂದೆಲಗದ ತಂಬುಳಿಗೆ ಸೊಪ್ಪು ಬೇಯಿಸೋದೇ ಇಲ್ಲ. ತೊಳೆದ ಎಲೆ, ಹಸಿ ಕೊಬ್ಬರಿ, ಜೀರಿಗೆ, ಒಂದೆರಡು ಕಾಳುಮೆಣಸು ಸೇರಿಸಿ ಬೀಸಿ, ಮಜ್ಜಿಗೆಗೆ ಕದಡಿ, ಅನ್ನಕ್ಕೆ ಕಲಸಿ ಊಟ. ನನಗೆ 45ಕ್ಕೆ ಶುರುವಾದ ಉರಿ 50ರ ತನಕ ಇತ್ತು. ಆ ಐದು ವರ್ಷ ಮಧ್ಯಾಹ್ನದ ಊಟಕ್ಕೆ ತಂಬುಳಿ ತಪ್ಪಿಸಿಲ್ಲ. ಉರಿ ಹೋಯ್ತು ಅಂತ ಸುಳ್ಳು ಹೇಳೋದಿಲ್ಲ, ಊಟ ಸೇರ್ತಿತ್ತು, ಹೊಟ್ಟೆ ತಣ್ಣಗಿರ್ತಿತ್ತು. ಆ ದಿನಗಳಲ್ಲಿ ಅದೇ ದೊಡ್ಡದು.


ಬರಿಗಾಲ ನಡಿಗೆ · ಮಂಗಳವಾರ ಬೆಳಿಗ್ಗೆ 7:02

ಡಾಕ್ಟರ್ ಹೇಳಿದ್ದು ಒಪ್ಪಿದೆ, ಮಾತ್ರೆ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ಎಲ್ಲರೂ ಹಸಿ ಆಹಾರದ ಮೇಲೇ ಬೀಳ್ತಿದ್ದೀರಿ. ಸೋಯಾ, ಅಗಸೆಯಲ್ಲಿ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನಿನ ತರಹದ ಅಂಶ ಇದೆ, ಗಿಡದ ಆಹಾರದಿಂದ ಝಳ ಕಡಿಮೆ ಆಗತ್ತೆ ಅಂತ ಅಮೆರಿಕದಲ್ಲಿ ಪ್ರಯೋಗಾನೇ ಆಗಿದೆ. ಅದನ್ಯಾಕೆ ಯಾರೂ ಹೇಳ್ತಿಲ್ಲ?


ತಟ್ಟೆ ಲೆಕ್ಕ · ಮಂಗಳವಾರ ಬೆಳಿಗ್ಗೆ 8:40

ನಾನು ಹೇಳ್ತೀನಿ. ಡಯಟೀಷಿಯನ್ ಆಗಿ ಹದಿನೆಂಟು ವರ್ಷ ಆಯ್ತು.

ನೀವು ಹೇಳಿದ ಪ್ರಯೋಗ 2021ರದ್ದು. ಮುಟ್ಟು ನಿಂತ 38 ಹೆಂಗಸರು. ಅರ್ಧ ಜನಕ್ಕೆ ಕಡಿಮೆ ಎಣ್ಣೆಯ ಸಸ್ಯಾಹಾರ, ಹಾಲು ಮೊಸರೂ ಇಲ್ಲ, ಜೊತೆಗೆ ದಿನಾ ಅರ್ಧ ಕಪ್ ಸೋಯಾಕಾಳು. ಉಳಿದವರು ಎಂದಿನ ಊಟ. 12 ವಾರದಲ್ಲಿ ಮೊದಲ ಗುಂಪಿನಲ್ಲಿ ಜೋರಾದ ಝಳ ಶೇ 84ರಷ್ಟು ಇಳೀತು. ಕೇಳೋಕೆ ತುಂಬಾ ಚೆನ್ನಾಗಿದೆ. ಆದರೆ ಆ ಕಾಳನ್ನ ಅವರು ಬೇಯಿಸಿ ತಿಂದರು! ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗದಂತೆ ತಡೆಯೋ ಅಂಶ ಇದೆ, ಬೇಯಿಸಿದಾಗಲೇ ಅದು ಕಡಿಮೆಯಾಗೋದು. ಅಂದರೆ ಇದು ಗಿಡದ ಆಹಾರದ ಪರ ಇರೋ ಪ್ರಯೋಗ, ಹಸಿ ಆಹಾರದ ಪರ ಅಲ್ಲ. ಅದೂ ಸಣ್ಣ ಗುಂಪು, ಅವರ ತೂಕವೂ ಇಳಿದಿತ್ತು, ತಾವೇನು ತಿಂತಿದ್ದೀವಿ ಅಂತ ಅವರಿಗೆ ಗೊತ್ತಿತ್ತು.

ಅಗಸೆ ಬಗ್ಗೆ: 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 188 ಹೆಂಗಸರಿಗೆ ತಿನ್ನೋಕೆ ಬಾರ್ ಕೊಟ್ಟರು. ಅರ್ಧ ಜನರದ್ದರಲ್ಲಿ ಅಗಸೆ, ಉಳಿದವರದ್ದರಲ್ಲಿ ಇಲ್ಲ. ಆರು ವಾರದ ನಂತರ ಎರಡೂ ಗುಂಪಿನಲ್ಲಿ ಸುಮಾರು ಮೂರನೇ ಒಂದು ಪಾಲು ಜನಕ್ಕೆ ಝಳ ಅರ್ಧಕ್ಕಿಳಿದಿತ್ತು. ಅಗಸೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ. ಟೀಚರ್ ಅವರ ಆರು ಝಳ ನಾಲ್ಕಾಗಿದ್ದು ಹಸಿ ಆಹಾರದಿಂದಲೇ ಇರಬಹುದು, ಕಾಫಿ ಬಿಟ್ಟದ್ದರಿಂದ ಇರಬಹುದು, ತೂಕ ಇಳಿದದ್ದರಿಂದ ಇರಬಹುದು, ತಾನಾಗೇ ಇಳಿದಿರಬಹುದು. ಅಗಸೆ ಹಿಂಡಿ ತಿನ್ನಿ, ಮಲಬದ್ಧತೆಗೂ ಹೃದಯಕ್ಕೂ ಒಳ್ಳೇದು. ಝಳಕ್ಕೆ ಮದ್ದು ಅಂತ ಮಾತ್ರ ತಿನ್ನಬೇಡಿ.


ಕಾಫಿ ಸೀಮೆ · ಮಂಗಳವಾರ ಬೆಳಿಗ್ಗೆ 8:52

ಕಾಫಿನೂ ಕಾರಣಾನಾ? ಚಿಕ್ಕಮಗಳೂರಲ್ಲಿದ್ದುಕೊಂಡು ಕಾಫಿ ಬಿಡೋದು ಹೇಗೆ ಹೇಳಿ.


ತಟ್ಟೆ ಲೆಕ್ಕ · ಮಂಗಳವಾರ ಬೆಳಿಗ್ಗೆ 9:00

ಎಲ್ಲರಿಗೂ ಅಲ್ಲ. ಒಂದು ವಾರ ಕುಡಿದು, ಒಂದು ವಾರ ಬಿಟ್ಟು, ಎಷ್ಟು ಸಲ ಝಳ ಬಂತು ಅಂತ ಕ್ಯಾಲೆಂಡರಲ್ಲಿ ಗೀಟು ಹಾಕಿ. ನಿಮಗೆ ಕಾರಣವೋ ಅಲ್ಲವೋ ನಿಮಗೇ ಗೊತ್ತಾಗತ್ತೆ. ಸಂಜೆ ಕಾಫಿ ಬಿಟ್ಟರೆ ನಿದ್ದೆಗಂತೂ ಒಳ್ಳೇದೇ.


ಕಡಲ ತಡಿ · ಮಂಗಳವಾರ ಬೆಳಿಗ್ಗೆ 10:20

ನನ್ನದೊಂದು ಪ್ರಶ್ನೆ ಉಂಟು. ಉಷ್ಣ ಅಂತ ನಮ್ಮಲ್ಲಿ ಎಳ್ಳು ಬಿಡಿಸ್ತಾರೆ, ಪಪ್ಪಾಯ ಬಿಡಿಸ್ತಾರೆ, ಹುರುಳಿ ಬಿಡಿಸ್ತಾರೆ. ನನ್ನ ಅಮ್ಮ ಮುಟ್ಟು ನಿಲ್ಲುವಾಗ ಎಳ್ಳು ಬಿಟ್ಟವರು ಮತ್ತೆ ಮುಟ್ಟಲೇ ಇಲ್ಲ. ಇದು ನಿಜವಾ? ಆಹಾರದ ಉಷ್ಣವೂ ಈ ಝಳವೂ ಒಂದೆಯಾ?


ಲೇಬರ್ ವಾರ್ಡ್ · ಮಂಗಳವಾರ ಮಧ್ಯಾಹ್ನ 1:35

ಒಂದೇ ಅಲ್ಲ. ಮೈಯ ಶಾಖವನ್ನ ನೋಡಿಕೊಳ್ಳೋ ಜಾಗ ಮೆದುಳಿನಲ್ಲಿದೆ, ಹೈಪೊಥಲಾಮಸ್ ಅಂತ. ಈಸ್ಟ್ರೋಜೆನ್ ಇಳಿಯೋ ಹೊತ್ತಲ್ಲಿ ಅದು ತೀರಾ ಸೂಕ್ಷ್ಮವಾಗತ್ತೆ. ಮೊದಲಾದರೆ ಗಮನಿಸದೆ ಬಿಡ್ತಿದ್ದ ಒಂಚೂರು ಶಾಖಕ್ಕೂ ಈಗ ಗಾಬರಿಬಿದ್ದು ಚರ್ಮದ ರಕ್ತನಾಳ ಹಿಗ್ಗಿಸತ್ತೆ, ಬೆವರು ಸುರಿಸತ್ತೆ. ಬೆವರು ಆರಿದ ಮೇಲೆ ಚಳಿ ಆಗೋದೂ ಇದಕ್ಕೇ. ತೊಂದರೆ ಆ ನಿಯಂತ್ರಣದಲ್ಲಿದೆ, ಹೊಟ್ಟೆಯಲ್ಲಲ್ಲ. ಖಾರ ಊಟ, ಬಿಸಿ ಬಿಸಿ ಚಹಾ ಕೆಲವರಿಗೆ ಆ ಕ್ಷಣಕ್ಕೆ ಕೆರಳಿಸಬಹುದು ನಿಜ. ಆದರೆ ಎಳ್ಳು ಬಿಟ್ಟರೆ ಅದು ಸರಿಹೋಗಲ್ಲ.

ಉತ್ತರ ಅಮೆರಿಕದ ಮೆನೋಪಾಸ್ (ಮುಟ್ಟು ನಿಲ್ಲೋದು) ತಜ್ಞರ ಸಂಘ 2023ರಲ್ಲಿ ಹಾರ್ಮೋನ್ ಅಲ್ಲದ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿತು. ಝಳಕ್ಕೆ ಅಂತಲೇ ಆಹಾರ ಬದಲಾವಣೆ, ಸೋಯಾ ಇವನ್ನ ಶಿಫಾರಸು ಮಾಡಲಿಲ್ಲ. ತೂಕ ಜಾಸ್ತಿ ಇದ್ದರೆ ಇಳಿಸೋದು, ಆಪ್ತಸಮಾಲೋಚನೆಯ ಒಂದು ವಿಧಾನ, ಕೆಲವು ಮಾತ್ರೆಗಳು, ಇವು ಪಟ್ಟಿಯಲ್ಲಿವೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ಹಾರ್ಮೋನ್ ಚಿಕಿತ್ಸೆ ಅಂತಲೂ ಅವರು ಹೇಳಿದ್ದಾರೆ.

ಇನ್ನೊಂದು ಮಾತು ಎಲ್ಲರಿಗೂ. ಪೂರ್ತಿ 12 ತಿಂಗಳು ಮುಟ್ಟು ಬರದಿದ್ದರೆ ಮಾತ್ರ ನಿಂತಿದೆ ಅನ್ನೋದು. ಹಾಗೆ ನಿಂತ ಮೇಲೆ ಒಂದು ಕಲೆ ರಕ್ತ ಕಂಡರೂ ಆಸ್ಪತ್ರೆಗೆ ಬನ್ನಿ. "ಉಷ್ಣಕ್ಕೆ ಹಾಗಾಯ್ತು" ಅಂತ ಆರು ತಿಂಗಳು ಕಾದು ಬಂದವರನ್ನ ನೋಡಿದ್ದೀನಿ. ಗರ್ಭಕೋಶದ ಕ್ಯಾನ್ಸರ್ ಬೇಗ ಸಿಕ್ಕರೆ ಗುಣ ಆಗತ್ತೆ. ಆ ಆರು ತಿಂಗಳು ತುಂಬಾ ದುಬಾರಿ.


ಕಡಲ ತಡಿ · ಮಂಗಳವಾರ ಮಧ್ಯಾಹ್ನ 1:50

ಅಮ್ಮನಿಗೆ ಈಗ 74. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಎಳ್ಳು ಬಿಟ್ಟದ್ದರಿಂದಲೇ ಅಂತಲ್ಲ, ಆದರೆ ಇದನ್ನು ಓದುವಾಗ ಹೊಟ್ಟೆ ಉರಿಯಿತು.


ತಟ್ಟೆ ಲೆಕ್ಕ · ಮಂಗಳವಾರ ಮಧ್ಯಾಹ್ನ 2:30

@ಕಡಲ ತಡಿ, ಅಕ್ಕ, ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ನೋವು ಕೊಡೋದು ಇದೇ. ಮೂಳೆ ವೇಗವಾಗಿ ಸವೆಯೋದು ಮುಟ್ಟು ನಿಲ್ಲೋ ಆಸುಪಾಸಿನ ವರ್ಷಗಳಲ್ಲಿ. ಸರಿಯಾಗಿ ಆಗಲೇ ಹೆಂಗಸರು ಹಾಲು ಬಿಡ್ತಾರೆ, ಎಳ್ಳು ಬಿಡ್ತಾರೆ, ಈಗ ಮುದ್ದೆಯನ್ನೂ ಬಿಡೋ ಹಾಗಾಗಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರಕಾರ ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಇದೆ, ನೂರು ಮಿಲಿ ಹಾಲಲ್ಲಿ 120ರ ಆಸುಪಾಸು. ನುಗ್ಗೆಸೊಪ್ಪು, ದಂಟಿನ ಸೊಪ್ಪು ನೂರು ಗ್ರಾಂಗೆ 300 ದಾಟ್ತವೆ. ಸಿಪ್ಪೆ ಸಹಿತದ ಎಳ್ಳು ನೂರು ಗ್ರಾಂಗೆ ಸಾವಿರ ದಾಟತ್ತೆ, ಅದರಲ್ಲಿ ಮೈಗೆ ಹತ್ತೋದು ಸ್ವಲ್ಪ ಕಡಿಮೆ. ಆದರೂ ದಿನಾ ಎರಡು ಚಮಚ ಹುರಿದು ಪುಡಿ ಮಾಡಿ ತಿನ್ನೋಕೆ ಏನು ಅಡ್ಡಿ?

ಈಗ ಟೀಚರ್ ತಟ್ಟೆ ನೋಡಿ. ಹಣ್ಣು, ಮೊಳಕೆಕಾಳು, ಕೊಬ್ಬರಿ, ಸೌತೆಕಾಯಿ. ನನ್ನ ಅಂದಾಜಲ್ಲಿ ಕ್ಯಾಲ್ಸಿಯಂ 300 ದಾಟಲ್ಲ. ಪ್ರೋಟೀನ್ 55 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು, ಇಲ್ಲಿ ಅರ್ಧವೂ ಇಲ್ಲ. ವರ್ಷಾನುಗಟ್ಟಲೆ ಹಸಿ ಸಸ್ಯಾಹಾರದಲ್ಲೇ ಇದ್ದ 18 ಜನರನ್ನ ಅಮೆರಿಕದಲ್ಲಿ ಪರೀಕ್ಷೆ ಮಾಡಿ 2005ರಲ್ಲಿ ಬರೆದಿದ್ದಾರೆ: ಸೊಂಟದಲ್ಲೂ ಬೆನ್ನಲ್ಲೂ ಮೂಳೆಯ ಸಾಂದ್ರತೆ ಬೇರೆಯವರಿಗಿಂತ ಕಡಿಮೆ ಇತ್ತು. @ಬರಿಗಾಲ ನಡಿಗೆ, ನಿಮಗೆ 53, ನಾಲ್ಕು ವರ್ಷ ಆಗಿದೆ. ದಯವಿಟ್ಟು ಒಂದ್ಸಲ ಮೂಳೆಯ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಬಿ12, ವಿಟಮಿನ್ ಡಿ ನೋಡಿಸಿ. ವಾದಕ್ಕಲ್ಲ, ನಿಜವಾಗಿ ಕೇಳ್ತಿದ್ದೀನಿ.


ಬರಿಗಾಲ ನಡಿಗೆ · ಮಂಗಳವಾರ ಸಂಜೆ 4:10

ಬಿ12 ಮಾತ್ರೆ ತಗೊಳ್ತೀನಿ. ಡೆಕ್ಸಾ ಮಾಡಿಸಿಲ್ಲ, ಮಾಡಿಸ್ತೀನಿ. ಆದರೆ ನನ್ನ ಅನುಭವವನ್ನ ಸುಳ್ಳು ಅನ್ನಬೇಡಿ. ಹತ್ತು ವರ್ಷ ಬೆಳಿಗ್ಗೆ ಬ್ರೆಡ್ಡು ಜಾಮು, ಸಂಜೆ ಬಜ್ಜಿ ತಿಂದ ಮೈ ಇದು. ಹಸಿ ಆಹಾರ ನನ್ನನ್ನ ಎತ್ತಿ ನಿಲ್ಲಿಸಿತು.


ಜೋಳದ ರೊಟ್ಟಿ · ಮಂಗಳವಾರ ಸಂಜೆ 4:31

ಅಕ್ಕಾರ, ನಿಮ್ಮನ್ನ ಎತ್ತಿ ನಿಲ್ಲಿಸಿದ್ದು ಬಜ್ಜಿ ಬಿಟ್ಟಿದ್ದು ಇರಬೇಕು ನೋಡ್ರಿ.


ಬರಿಗಾಲ ನಡಿಗೆ · ಮಂಗಳವಾರ ಸಂಜೆ 4:40

ಇರಬಹುದು. ಎರಡೂ ಒಟ್ಟಿಗೇ ಆಯ್ತು, ಯಾವುದರಿಂದ ಅಂತ ನಾನು ಹೇಗೆ ಹೇಳಲಿ?


ತುಂಗಾ ತೀರದ ರೈತ · ಮಂಗಳವಾರ ಸಂಜೆ 6:00

ಗಂಡಸು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಹೆಂಡತಿಗೂ ಇದೇ ತೊಂದರೆ, ಅದಕ್ಕೆ ಓದ್ತಿದ್ದೆ. ಬೆಳೆಯೋನಾಗಿ ಒಂದು ಮಾತು. ಹೂಕೋಸು, ಎಲೆಕೋಸು, ದ್ರಾಕ್ಷಿ, ಕ್ಯಾಪ್ಸಿಕಂ ಇವಕ್ಕೆ ಎಷ್ಟು ಸಲ ಔಷಧಿ ಹೊಡೀತಾರೆ ಅಂತ ನೋಡಿದ್ದೀನಿ, ಕೊಯ್ಲಿಗೆ ಎರಡು ದಿನ ಇದ್ದಾಗಲೂ ಹೊಡೆಯೋರಿದ್ದಾರೆ. ಹಸಿಯಾಗಿ ತಿನ್ನೋದಾದರೆ ಸಿಪ್ಪೆ ತೆಗೆಯೋ ತರಕಾರಿ ತಿನ್ನಿ. ಸೊಪ್ಪಾದರೆ ಹಿತ್ತಿಲಲ್ಲಿ ಎರಡು ಕುಂಡದಲ್ಲಿ ಬೆಳೀರಿ, ಮೆಂತೆ ಮೂರು ವಾರಕ್ಕೆ ಕೊಯ್ಲಿಗೆ ಬರತ್ತೆ. ಪೇಟೆಯದಾದರೆ ಎಲೆ ಬಿಡಿಸಿ ಉಪ್ಪು ನೀರಲ್ಲಿ ನೆನೆಸಿ ಮೂರು ನಾಲ್ಕು ನೀರಲ್ಲಿ ತೊಳೀರಿ. ಎಲೆಕೋಸು ಹಸಿಯಾಗಿ ಬೇಡವೇ ಬೇಡ.


ತಟ್ಟೆ ಲೆಕ್ಕ · ಮಂಗಳವಾರ ಸಂಜೆ 6:25

ಅಣ್ಣ, ಬರೆದದ್ದು ಒಳ್ಳೇದಾಯ್ತು. ಇದಕ್ಕೆ ಎರಡು ಸೇರಿಸ್ತೀನಿ.

ಮೊಳಕೆಕಾಳು ಬೆಚ್ಚಗೆ ಒದ್ದೆಯಾಗಿರೋ ಜಾಗದಲ್ಲಿ ಬೆಳೆಯೋದರಿಂದ ರೋಗಾಣುಗಳಿಗೂ ಅದು ಹಬ್ಬ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಇ ಕೋಲಿ ಹರಡಿ ಸಾವಿರಾರು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಶಿಸ್ತಿನ ದೇಶದಲ್ಲೇ ಹಾಗಾಯ್ತು. ಮೊಳಕೆ ಬರಿಸಿ, ಆದರೆ ಐದು ನಿಮಿಷ ಹಬೆಯಲ್ಲಿಡಿ. ಟೀಚರ್ ಗ್ಯಾಸ್ ಕೂಡ ಅರ್ಧ ಇಳಿಯತ್ತೆ.

ಎರಡನೇದು ಸೋರೆಕಾಯಿ ರಸ. ಬೂದುಗುಂಬಳ ಸಿಗದಿದ್ದರೆ ಸೋರೆಕಾಯಿ ಅಂತ ಕುಡೀತಾರೆ. ನಾಲಿಗೆಗೆ ಕಹಿ ತಾಕಿದರೆ ಉಗುಳಿಬಿಡಿ. ಕಹಿ ಸೋರೆಕಾಯಿಯಲ್ಲಿ ವಿಷ ಇರತ್ತೆ, ರಕ್ತ ವಾಂತಿ ಆಗಿ ಸತ್ತವರಿದ್ದಾರೆ, ಐಸಿಎಂಆರ್ ಸಮಿತಿಯೇ ಎಚ್ಚರಿಸಿದೆ. "ಕಹಿಯಾದರೆ ಆರೋಗ್ಯಕ್ಕೆ ಒಳ್ಳೇದು" ಅಂತ ಕಣ್ಣುಮುಚ್ಚಿ ಕುಡಿಯಬೇಡಿ.


ಕಲಬುರಗಿ ಬಿಸಿಲು · ಮಂಗಳವಾರ ರಾತ್ರಿ 8:15

ನೀವೆಲ್ಲ 48, 50 ಅಂತೀರಿ. ನನಗ 36ಕ್ಕೇ ಬಂತು. ಬಿಳಿ ಹೋಗ್ತದ ಅಂತ ಒಂದು ಆಸ್ಪತ್ರೆಗೆ ಹೋದೆ, ಗರ್ಭಕೋಶ ತೆಗೀಬೇಕು ಇಲ್ಲಂದ್ರ ಕ್ಯಾನ್ಸರ್ ಆಗ್ತದ ಅಂದ್ರು. ಅಂಡಕೋಶ ಸಹಿತ ತೆಗದ್ರು ಅಂತ ಎಷ್ಟೋ ವರ್ಷ ಆದಮ್ಯಾಲ ಸ್ಕ್ಯಾನಿಂಗದಾಗ ಗೊತ್ತಾಯ್ತು. ಆಪರೇಷನ್ ಆದ ವಾರದಾಗೇ ಝಳ ಸುರು. ಯಾರೂ ಏನೂ ಹೇಳಲಿಲ್ಲ. ಬರೇ ಹಣ್ಣು, ಹಸಿ ತರಕಾರಿ, ಕಷಾಯ ಅಂತ ಮೂರು ವರ್ಷ ಕಳದೆ. ಈಗ 44, ಬೆನ್ನೆಲುಬು ಸವದದ ಅಂತಾರ. ನಮ್ಮ ಓಣಿಯಾಗ ನನ್ನಂಥೋರು ಇನ್ನೂ ನಾಕು ಮಂದಿ ಇದ್ದಾರ.


ಲೇಬರ್ ವಾರ್ಡ್ · ಮಂಗಳವಾರ ರಾತ್ರಿ 8:50

ತಂಗಿ, ನಿಮ್ಮದು ಊಟದಿಂದ ಸರಿಯಾಗೋ ವಿಷಯವೇ ಆಗಿರಲಿಲ್ಲ, ನಿಮ್ಮ ತಪ್ಪೇನೂ ಇಲ್ಲ. 40ರ ಒಳಗೆ ಅಂಡಾಶಯ ಹೋದರೆ, ಬೇರೆ ಅಡ್ಡಿ ಇಲ್ಲದಿದ್ದಾಗ, ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನ ತನಕ ಹಾರ್ಮೋನ್ ಕೊಡೋದು ವಾಡಿಕೆ, ಮೂಳೆಗೂ ಹೃದಯಕ್ಕೂ ಅದು ರಕ್ಷಣೆ. ನಿಮಗೆ 44, ಈಗಲೂ ತಡವಾಗಿಲ್ಲ. ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಸ್ತ್ರೀರೋಗ ವಿಭಾಗಕ್ಕೆ ಹಳೇ ಕಾಗದ ಹಿಡ್ಕೊಂಡು ಹೋಗಿ. ಓಣಿಯ ನಾಲ್ವರನ್ನೂ ಕರ್ಕೊಂಡು ಹೋಗಿ.


ಕಲಬುರಗಿ ಬಿಸಿಲು · ಮಂಗಳವಾರ ರಾತ್ರಿ 8:58

ಹೋಗ್ತೀನಿ ಮೇಡಂ. ಮಂದಿ ಹಾರ್ಮೋನ್ ತಗೊಂಡ್ರ ಎದಿ ಕ್ಯಾನ್ಸರ್ ಆಗ್ತದ ಅಂತಾರಲ್ಲ?


ಲೇಬರ್ ವಾರ್ಡ್ · ಮಂಗಳವಾರ ರಾತ್ರಿ 9:20

ಆ ಹೆದರಿಕೆ 2002ರ ಒಂದು ದೊಡ್ಡ ಅಮೆರಿಕನ್ ಅಧ್ಯಯನದಿಂದ ಹಬ್ಬಿದ್ದು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷದೊಳಗಿರೋ, 60ರೊಳಗಿನ, ಎದೆ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇಲ್ಲದವರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಅಪಾಯ ಸೊನ್ನೆ ಅಂತ ಹೇಳಲ್ಲ, ಒಬ್ಬೊಬ್ಬರದ್ದೂ ನೋಡಿಯೇ ತೀರ್ಮಾನಿಸಬೇಕು. ನಿಮ್ಮ ಹಾಗೆ ಚಿಕ್ಕ ವಯಸ್ಸಲ್ಲೇ ಹೋದವರಿಗೆ ಆ ಅಧ್ಯಯನ ಅನ್ವಯಿಸೋದೇ ಇಲ್ಲ.


ಲೀಡ್ಸ್ ಕನ್ನಡತಿ · ಬುಧವಾರ ಬೆಳಗಿನ ಜಾವ 2:40

ಇಂಗ್ಲೆಂಡಲ್ಲಿ ನರ್ಸ್ ಆಗಿದ್ದೀನಿ, ನೈಟ್ ಡ್ಯೂಟಿಯಿಂದ ಬರೀತಿದ್ದೀನಿ. ಇಲ್ಲಿ ಮೆನೋಪಾಸ್ ಬಗ್ಗೆ ಬಹಿರಂಗವಾಗಿ ಮಾತಾಡ್ತಾರೆ. 2023ರ ಏಪ್ರಿಲಿಂದ ವರ್ಷಕ್ಕೊಂದೇ ಸಲ ದುಡ್ಡು ಕಟ್ಟಿದರೆ ಪಟ್ಟಿಯಲ್ಲಿರೋ ಹಾರ್ಮೋನ್ ಔಷಧಿಗಳೆಲ್ಲ ಸಿಗೋ ಹಾಗೆ ಮಾಡಿದ್ದಾರೆ. ನಾನು ಚರ್ಮಕ್ಕೆ ಅಂಟಿಸೋ ಪ್ಯಾಚ್ ಹಾಕ್ತೀನಿ, ನಿದ್ದೆ ವಾಪಸ್ ಬಂತು. ಆದರೂ ಊಟದ ವಿಷಯದಲ್ಲಿ ಇಲ್ಲಿನ ಸಲಾಡ್ ಡಬ್ಬಿಗಿಂತ ನಮ್ಮಮ್ಮ ಮಾಡ್ತಿದ್ದ ಹೆಸರುಬೇಳೆ ಕೋಸಂಬರಿಯೇ ಮೇಲು. ಬೇಳೆ ನೆನೆಸಿದ್ದು, ಸೌತೆಕಾಯಿ, ಕಾಯಿತುರಿ, ನಿಂಬೆಹುಳಿ. ರಾಮನವಮಿಗೆ ಮಾತ್ರ ಅಂತ ಯಾಕಿಟ್ಟುಕೊಂಡೆವೋ.

ನಮ್ಮ ಬಣ್ಣದವರು ಇಲ್ಲಿದ್ದರೆ ವಿಟಮಿನ್ ಡಿ ಮಾತ್ರೆ ಮರೀಬೇಡಿ, ಬಿಸಿಲು ಸಾಲಲ್ಲ.


ಮಂಡ್ಯದ ಮುದ್ದೆ · ಬುಧವಾರ ಬೆಳಿಗ್ಗೆ 6:50

ಕೋಸಂಬರಿಗೆ ಕ್ಯಾರೆಟ್ ಹಾಕ್ಬಾರ್ದು, ನೀರು ಬುಡುತ್ತೆ.


ಅಡಿಕೆ ತೋಟ · ಬುಧವಾರ ಬೆಳಿಗ್ಗೆ 7:05

ನೀರು ಬಿಡೋದು ಸೌತೆಕಾಯಿ, ಕ್ಯಾರೆಟ್ ಅಲ್ಲ. ಉಪ್ಪು ಬಡಿಸೋ ಮೊದಲಷ್ಟೇ ಹಾಕಿ. ಒಗ್ಗರಣೆಯ ಎಣ್ಣೆ ಇದ್ದರೆ ಕ್ಯಾರೆಟ್ಟಿನ ಸತ್ವವೂ ಮೈಗೆ ಹತ್ತತ್ತೆ.


ಮಗಳು ಬೆಂಗಳೂರು · ಬುಧವಾರ ಬೆಳಿಗ್ಗೆ 9:30

ನನಗೆ 24. ಅಮ್ಮ ಆರು ತಿಂಗಳಿಂದ ರಾತ್ರಿ ಎದ್ದು ಬಾಲ್ಕನಿಯಲ್ಲಿ ಕೂರ್ತಾರೆ. ಕೇಳಿದರೆ "ಸೆಕೆ" ಅಂತಾರೆ, ಡಿಸೆಂಬರಲ್ಲೂ. ಇದನ್ನ ಓದಿದ ಮೇಲೆ ಅರ್ಥ ಆಯ್ತು. ಹೇಗೆ ಮಾತು ತೆಗೀಲಿ? ಅವರು ಇಂಥದ್ದೆಲ್ಲ ಮಾತಾಡಲ್ಲ.


ಅಡಿಕೆ ತೋಟ · ಬುಧವಾರ ಬೆಳಿಗ್ಗೆ 9:42

ನೀನೂ ಎದ್ದು ಹೋಗಿ ಪಕ್ಕದಲ್ಲಿ ಕೂತ್ಕೋ ಮಗಾ. ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಅವರೇ ಹೇಳ್ತಾರೆ.


ದಾವಣಗೆರೆ ಟೀಚರ್ · ಗುರುವಾರ ರಾತ್ರಿ 9:15

ಎಲ್ಲರಿಗೂ ಕೈ ಮುಗಿದೆ.

ಮಂಗಳವಾರ ಬೆಳಿಗ್ಗೆ ಸ್ಕೂಲಿಗೆ ರಜೆ ಹಾಕಿ ಹೋದೆ. ಬಿಪಿ 96/60. ಪೊಟ್ಯಾಸಿಯಂ 5.4, ಮೇಲಿನ ಮಿತಿ ದಾಟಿದೆ. ಡಾಕ್ಟರ್ ಎಳನೀರು, ಜ್ಯೂಸ್ ಎಲ್ಲ ನಿಲ್ಲಿಸಿ, ಮಾತ್ರೆ ಅರ್ಧಕ್ಕಿಳಿಸಿದ್ದಾರೆ, ವಾರ ಬಿಟ್ಟು ಮತ್ತೆ ಪರೀಕ್ಷೆ. @ಲೇಬರ್ ವಾರ್ಡ್ ಮೇಡಂ, ನೀವು ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ನಾನು ನಾಲ್ಕನೇ ವಾರಕ್ಕೆ ಹೋಗ್ತಿದ್ದೆ. ನಾದಿನಿಗೂ ಫೋನ್ ಮಾಡಿ ಎಲ್ಲ ಹೇಳಿದೆ, ಅವಳು ಅತ್ತಳು. ಅವಳೂ ನನ್ನ ಒಳ್ಳೇದಕ್ಕೇ ಹೇಳಿದ್ದಲ್ವಾ. ಅವಳ ಮನೇಲಿ ಶುಗರ್ ಮಾತ್ರೆ ತಗೊಳ್ಳೋ ಅತ್ತೆ ಇದ್ದಾರೆ, ಅವರಿಗೂ ಇದನ್ನೇ ಶುರು ಮಾಡಿಸೋಳಿದ್ದಳಂತೆ.

ಊಟ: ಬೆಳಿಗ್ಗೆ ಮೊಳಕೆ ಬರಿಸಿದ ರಾಗಿಯ ಅಂಬಲಿ, ಮಧ್ಯಾಹ್ನ ರೊಟ್ಟಿ, ಸೊಪ್ಪಿನ ಪಲ್ಯ, ಪಕ್ಕದಲ್ಲಿ ಸೌತೆಕಾಯಿ, ಹಸಿ ಮೆಂತೆ. ಕರಿದದ್ದು, ಬೇಕರಿದು ಮತ್ತೆ ಮುಟ್ಟಲ್ಲ, ಅದು ಬಿಟ್ಟಿದ್ದಕ್ಕೆ ಖುಷಿ ಇದೆ. ಝಳ ರಾತ್ರಿ ನಾಲ್ಕೇ ಇದೆ. ಶನಿವಾರ ಸ್ತ್ರೀರೋಗ ತಜ್ಞರ ಹತ್ರ ಹೋಗ್ತಿದ್ದೀನಿ, ಹಾರ್ಮೋನ್ ಬಗ್ಗೆ ಕೇಳ್ತೀನಿ, ಡೆಕ್ಸಾ ಬಗ್ಗೆಯೂ.

ಇನ್ನೊಂದು ಹೇಳಬೇಕು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ತಾವೇ ತಟ್ಟೆಗೆ ಬಡಿಸಿ, ಪಕ್ಕದಲ್ಲಿ ಕೂತ್ಕೊಂಡು, "ನನಗೂ ಹಿಂಗೇ ಆಗ್ತಿತ್ತು ಕಣಮ್ಮ, ಮೂರು ವರ್ಷ. ರಾತ್ರಿ ಜಗಲಿ ಕಲ್ಲಿನ ಮೇಲೆ ಬೆನ್ನು ಹಚ್ಚಿ ಮಲಗ್ತಿದ್ದೆ. ನಿಮ್ಮ ಮಾವ ದೆವ್ವ ಹಿಡಿದಿದೆ ಅಂದ್ಕೊಂಡಿದ್ರು" ಅಂದ್ರು. ಇಪ್ಪತ್ತೆರಡು ವರ್ಷದಿಂದ ಒಂದೇ ಮನೇಲಿದ್ದೀವಿ, ಮೊದಲ ಸಲ ಹೇಳಿದ್ದು.


ಕಡಲ ತಡಿ · ಗುರುವಾರ ರಾತ್ರಿ 9:28

ಕಣ್ಣಲ್ಲಿ ನೀರು ಬಂತು ಮಾರಾಯ್ತಿ. ನಾಳೆ ಅಮ್ಮನಿಗೆ ಎಳ್ಳುಂಡೆ ಮಾಡಿ ತಗೊಂಡು ಹೋಗ್ತೇನೆ.


ಬರಿಗಾಲ ನಡಿಗೆ · ಗುರುವಾರ ರಾತ್ರಿ 9:50

ಅಕ್ಕ, ಮೊದಲ ಉತ್ತರ ನನ್ನದೇ, "ಖಂಡಿತ ಮುಂದುವರಿಸಿ" ಅಂತ ಬರೆದಿದ್ದೆ. ಮಾತ್ರೆ ಬಗ್ಗೆ ಕೇಳದೆ ಹಾಗೆ ಹೇಳಬಾರದಿತ್ತು, ಕ್ಷಮಿಸಿ. ನನ್ನ ಡೆಕ್ಸಾ ಸೋಮವಾರಕ್ಕೆ ಗೊತ್ತಾಗಿದೆ, ಏನು ಬಂದರೂ ಇಲ್ಲೇ ಹೇಳ್ತೀನಿ.


ಜೋಳದ ರೊಟ್ಟಿ · ಗುರುವಾರ ರಾತ್ರಿ 10:02

ಟೀಚರ್, ಹಸಿ ಮೆಂತೆಗೆ ಏನ ಹಚ್ಚಿದ್ರಿ? ಶೇಂಗಾ ಹಿಂಡಿ ಇಲ್ಲಂದ್ರ ಕಹಿ ಆಗತದ.


ದಾವಣಗೆರೆ ಟೀಚರ್ · ಗುರುವಾರ ರಾತ್ರಿ 10:06

ಬರೀ ಮೊಸರು ಹಾಕಿದ್ದೆ. ಕಹಿಯಾಗೇ ಇತ್ತು. ಹಿಂಡಿ ಹೇಗೆ ಮಾಡೋದು, ಅಳತೆ ಹೇಳಿ.


ಜೋಳದ ರೊಟ್ಟಿ · ಗುರುವಾರ ರಾತ್ರಿ 10:15

ಒಂದು ಬಟ್ಟಲ ಶೇಂಗಾ ಸಣ್ಣ ಉರಿ ಮ್ಯಾಲ ಹುರೀರಿ, ಸಿಪ್ಪಿ ತಿಕ್ಕಿ ತಗೀರಿ. ಆರು ಬೆಳ್ಳೊಳ್ಳಿ ಎಸಳು, ಅರ್ಧ ಚಮಚ ಜೀರಗಿ, ಒಂದು ಚಮಚ ಖಾರಪುಡಿ. ಉಪ್ಪು ನಿಮ್ಮ ಡಾಕ್ಟರ್ ಹೇಳಿದಷ್ಟು. ಒಳ್ಳಾಗ ಕುಟ್ಟಿದ್ರ ಚಲೋ, ಮಿಕ್ಸರದಾಗ ಆದ್ರ ಬಿಟ್ಟು ಬಿಟ್ಟು ತಿರುವ್ರಿ, ಒಮ್ಮೆಲೆ ತಿರುವಿದ್ರ ಎಣ್ಣಿ ಬಿಟ್ಟು ಮುದ್ದಿ ಆಗತದ.